ರಿಪೇರಿ ಅಂತ ಬರೀರಿ: ಗುಡಿಯ ನೂರು ಮೀಟರ್ ಒಳಗಿದ್ದ ನಮ್ಮ ತೊಟ್ಟಿ ಮನೆ ಉಳಿದ ಕಥೆ

ಈ ಜೂನ್ ಮಳೆಗೆ ನಡುಮನೆಯಲ್ಲಿ ಒಂದೂ ಬಕೆಟ್ ಇಡಬೇಕಾಗಲಿಲ್ಲ. ಎರಡು ವರ್ಷದಲ್ಲಿ ಇದೇ ಮೊದಲು. ಓಡಾಡಿದ್ದೆಲ್ಲ ಮರೆತುಹೋಗುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ. ನಮ್ಮ ಹಾಗೆ ಹಳೇ ಗುಡಿಯ ಪಕ್ಕ ಹಳೇ ಮನೆ ಇಟ್ಟುಕೊಂಡು, ಮುಟ್ಟಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತಿರುವವರು ಬಹಳ ಜನ ಇದ್ದಾರೆ.

ನಮ್ಮೂರು ಹಾಸನ ಜಿಲ್ಲೆಯಲ್ಲಿದೆ. ಊರಿನ ಹೆಸರು ಬೇಡ, ಮುಂದೆ ಸ್ವಲ್ಪ ಗೊಣಗುವುದಿದೆ. ಊರ ನಡುವೆ ಹೊಯ್ಸಳರ ಕಾಲದ ಒಂದು ಸಣ್ಣ ಗುಡಿ. ಸುತ್ತ ತಂತಿಬೇಲಿ, ಗೇಟಿನ ಹತ್ತಿರ ನೀಲಿ ಬೋರ್ಡ್. ಅದರ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ತಾತನ ಅಪ್ಪ ಕಟ್ಟಿಸಿದ್ದು. ಮಣ್ಣಿನ ಗೋಡೆ, ಹಲಸಿನ ಕಂಬ, ಹೊನ್ನೆ ತೊಲೆ, ಮಂಗಳೂರು ಹೆಂಚು. ಅಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ನಾನು ಮೈಸೂರಲ್ಲಿ, ಅಣ್ಣ ಬೆಂಗಳೂರಲ್ಲಿ.

2023ರ ಜುಲೈನಲ್ಲಿ ಒಂದು ರಾತ್ರಿ ಅಮ್ಮ ಫೋನ್ ಮಾಡಿ, "ಅಟ್ಟದಲ್ಲಿ ಏನೋ ಟಪ್ ಅಂತು ಕಣೆ, ಹೆಗ್ಗಣ ಇರ್ಬೇಕು" ಅಂದರು. ಹೆಗ್ಗಣ ಅಲ್ಲ. ತೊಟ್ಟಿಯ ಮೂಡಣ ಮೂಲೆಯ ತೊಲೆ ಒಂದು ಗೇಣು ಕೆಳಗಿಳಿದಿತ್ತು. ತೊಲೆಯ ತುದಿ ಗೋಡೆಯೊಳಗೆ ಸೇರುವ ಕಡೆ ಗೆದ್ದಲು ತಿಂದು ಬರೀ ಸಿಪ್ಪೆ ಉಳಿಸಿತ್ತು. ಹೆಬ್ಬೆರಳು ಒತ್ತಿದರೆ ಒಳಕ್ಕೆ ಹೋಗುತ್ತಿತ್ತು. ಒಂದು ಕಂಬದ ಆಸರೆ ಕೊಟ್ಟು, ಮೇಲೆ ಟಾರ್ಪಾಲು ಹಾಕಿಸಿ ವಾಪಸ್ ಬಂದೆ. ಆ ಟಾರ್ಪಾಲು ಮುಂದೆ ಹದಿನಾರು ತಿಂಗಳು ಅಲ್ಲೇ ಇರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಅಣ್ಣನ ಲೆಕ್ಕ ಸರಳವಾಗಿತ್ತು. "ಕೆಡವಿ ಆರ್‌ಸಿಸಿ ಹಾಕೋಣ. ಇನ್ನೆಷ್ಟು ದಿನ ಹೆಂಚು ಎಣಿಸ್ಕೊಂಡು ಕೂರೋದು?" ಕಂಟ್ರಾಕ್ಟರ್ ಬಂದು ನೋಡಿ 28 ಲಕ್ಷ ಅಂದ. ಊರಿನವರದು ಬೇರೆಯೇ ಮಾತು. "ನಿಮ್ದು ನೂರು ಮೀಟರ್ ಒಳಗೆ ಬರುತ್ತೆ. ಒಂದು ಇಟ್ಟಿಗೆ ಅಲ್ಲಾಡಿಸಿದ್ರೂ ಕೇಸು." ಎದುರು ಮನೆಯ ಅಕ್ಕ ಮಗನ ಮದುವೆಗೆ ಅಂತ ಮೇಲೊಂದು ರೂಮು ಎತ್ತಲು ಹೋಗಿ ನೋಟಿಸ್ ತಿಂದಿದ್ದರು. ಕಂಬಿಗಳು ಇನ್ನೂ ಆಕಾಶ ನೋಡುತ್ತಾ ನಿಂತಿದ್ದವು. ಅದನ್ನು ದಿನಾ ನೋಡುವ ಬೀದಿಯಲ್ಲಿ ಯಾರಿಗೆ ಧೈರ್ಯ ಬರುತ್ತದೆ? ಹಾಗಾಗಿ ನಮ್ಮ ಬೀದಿಯಲ್ಲಿ ಎರಡೇ ದಾರಿ. ಒಂದೋ ಭಾನುವಾರ ರಾತ್ರಿ ಕದ್ದು ಕಟ್ಟುವುದು, ಇಲ್ಲವೋ ಮನೆ ತಾನಾಗಿ ಬೀಳುವ ತನಕ ಕಾಯುವುದು.

ಮೂರನೇ ದಾರಿ ಒಂದಿದೆ ಅಂತ ನನಗೆ ಗೊತ್ತಾಗಿದ್ದು ಕಾಯ್ದೆಯನ್ನು ಸ್ವತಃ ಓದಿದ ಮೇಲೆ. ಕೇಂದ್ರದ ಸ್ಮಾರಕಗಳ ಕಾಯ್ದೆ 1958ರದು. 2010ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಗಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಬಂತು. ಅದರ ಪ್ರಕಾರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದಾಗಿ ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವ ಹಾಗಿಲ್ಲ, ಕೆಡವಿ ಮತ್ತೆ ಕಟ್ಟುವ ಹಾಗೂ ಇಲ್ಲ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡವಾದರೆ ರಿಪೇರಿ, ನವೀಕರಣಕ್ಕೆ ಅರ್ಜಿ ಹಾಕಬಹುದು. ಕಾನೂನಿನಲ್ಲೇ ಇದೆ. ಆ ತಾರೀಖು ಏಕೆ ಅಂದರೆ, ಈ 100 ಮತ್ತು 200 ಮೀಟರಿನ ಅಧಿಸೂಚನೆ ಮೊದಲು ಹೊರಬಿದ್ದದ್ದೇ ಆ ದಿನ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಊರಲ್ಲಿ ಈ ಕೊನೆಯ ವಾಕ್ಯ ಮಾತ್ರ ಎಲ್ಲರಿಗೂ ಗೊತ್ತು.

ಒಂದು ಮಾತು. ನಿಮ್ಮ ಪಕ್ಕದ ಸ್ಮಾರಕ ಯಾರದ್ದು ಅಂತ ಮೊದಲು ಬೋರ್ಡ್ ನೋಡಿ. ಮೇಲೆ ಹೇಳಿದ್ದೆಲ್ಲ ಕೇಂದ್ರದ ಎಎಸ್‌ಐ, ಅಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಿಗೆ. ರಾಜ್ಯ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 1961ರ ಬೇರೆ ಕಾಯ್ದೆ ಇದೆ.

ಅಳತೆಯಲ್ಲೇ ನಾನು ಮೊದಲ ಸಲ ಎಡವಿದ್ದು. ಗುಡಿಯ ಗೋಡೆಯಿಂದ ನಮ್ಮ ಜಗುಲಿಗೆ ಟೇಪ್ ಹಿಡಿದರೆ 112 ಮೀಟರ್ ಬಂತು. ಖುಷಿಯಾಗಿ ಅಣ್ಣನಿಗೆ ಫೋನ್ ಕೂಡ ಮಾಡಿಬಿಟ್ಟೆ. ಆಮೇಲೆ ತಿಳಿಯಿತು, ಗುಡಿಯಿಂದ ಅಳೆಯುವುದಲ್ಲ, ಸಂರಕ್ಷಿತ ಜಾಗದ ಎಲ್ಲೆಯಿಂದ ಅಳೆಯಬೇಕು. ಹಾಗೆ ನೋಡಿದರೆ ನಮ್ಮ ಮನೆ 86 ಮೀಟರ್. ಅಣ್ಣನ ಆರ್‌ಸಿಸಿ ಅಲ್ಲಿಗೇ ಮುಗಿಯಿತು. ಅವನು ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ನಾನೇ ಟೇಪು ಎಳೆದು ಚಿಕ್ಕದು ಮಾಡಿದೆನೇನೋ ಅನ್ನುವ ಹಾಗೆ.

ಅದೇ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಟಿವಿಯಲ್ಲಿ ಎಲ್ಲರಿಗೂ ಸಂಭ್ರಮ. ನಮ್ಮ ಬೀದಿಯಲ್ಲಿ ಮಾತ್ರ "ನಾಳೆ ನಮ್ಮೂರಿಗೂ ಬರ್ತಾರೆ, ಎಲ್ರನ್ನೂ ಎಬ್ಬಿಸ್ತಾರೆ" ಅಂತ ಗುಸುಗುಸು. ಆ ಭಯವನ್ನು ತಪ್ಪು ಅನ್ನಲಾರೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಸಂಸಾರ ಮಾಡಿಕೊಂಡಿದ್ದವರನ್ನು ತೆರವು ಮಾಡಿದ್ದು ಎಲ್ಲರಿಗೂ ನೆನಪಿದೆ. ಕಲ್ಲು ಮಾತ್ರ ಪರಂಪರೆ, ಅದರ ಸುತ್ತ ಬದುಕುವವರು ಅಡ್ಡಿ ಅನ್ನುವ ಭಾವನೆ ಎರಡೂ ಕಡೆ ಕೂತುಬಿಟ್ಟಿದೆ.

ಇನ್ನು ಕಾಗದ ಪತ್ರ. ಮನೆ 1992ಕ್ಕೆ ಮೊದಲೇ ಇತ್ತು ಅಂತ ತೋರಿಸಬೇಕು. ನೂರು ವರ್ಷದ ಮನೆ, ನೋಡಿದರೇ ಗೊತ್ತಾಗುತ್ತದೆ ಅಲ್ವಾ? ಗೊತ್ತಾದರೆ ಸಾಲದು, ಕಾಗದ ಬೇಕು. ಅಟ್ಟದಲ್ಲಿ ತಾತನ ತಗಡಿನ ಟ್ರಂಕು ಇತ್ತು. ಎರಡು ದಿನ ಅದರ ಮುಂದೆ ಕೂತೆ. ಮಳೆ ನಕ್ಷತ್ರ ಬರೆದಿಟ್ಟ ಪಂಚಾಂಗಗಳು, ರಾಗಿ ಲೆಕ್ಕ, ಯಾರೋ ಕೊಡಬೇಕಿದ್ದ ಹನ್ನೊಂದು ರೂಪಾಯಿಯ ಚೀಟಿ. ಕೊನೆಗೆ 1974ರ ಮನೆ ಕಂದಾಯದ ರಸೀದಿ ಒಂದು, ಕೆಇಬಿಯ ಹಳೇ ಬಿಲ್ಲು ಎರಡು ಸಿಕ್ಕವು. ಬಿಲ್ಲಿನಲ್ಲಿ ತಾತನ ಹೆಸರು ಸರಿ ಇತ್ತು. ರಸೀದಿಯಲ್ಲಿ ಇನಿಷಿಯಲ್ ತಪ್ಪಾಗಿತ್ತು. ಆ ಒಂದು ಅಕ್ಷರಕ್ಕೆ ಒಂದು ಅಫಿಡವಿಟ್.

ಮನೆ ಇನ್ನೂ ತಾತನ ಹೆಸರಿನಲ್ಲೇ ಇತ್ತು. ಅಪ್ಪ ಇದ್ದಾಗ ಖಾತೆ ಬದಲಿಸಲೇ ಇಲ್ಲ. ಹಾಗಾಗಿ ಎರಡು ಮರಣ ಪತ್ರ, ವಂಶವೃಕ್ಷ, ಅಮ್ಮ, ಅಣ್ಣ, ನಾನು ಮೂರೂ ಜನರ ಸಹಿ, ಅಲ್ಲಿಂದ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ, ಇ-ಸ್ವತ್ತು. ಒಂದು ಕಚೇರಿಯಲ್ಲಿ ಸರ್ವರ್ ಇಲ್ಲ, ಇನ್ನೊಂದರಲ್ಲಿ ಸಾಹೇಬ್ರು ಇಲ್ಲ. ಇದಕ್ಕೇ ನಾಲ್ಕು ತಿಂಗಳು ಹೋಯಿತು. ನೀವು ಏನೂ ಮಾಡದಿದ್ದರೂ ಖಾತೆ ಮಾತ್ರ ಈಗಲೇ ಸರಿ ಮಾಡಿಸಿಟ್ಟುಕೊಳ್ಳಿ. ಹೆಂಚಿಗಿಂತ ಮೊದಲು ಅದು ಸೋರುತ್ತದೆ.

ನಕ್ಷೆ ಬರೆಯಲು ಹಳೇ ಕಟ್ಟಡಗಳ ಕೆಲಸ ಗೊತ್ತಿರುವ ಒಬ್ಬ ಆರ್ಕಿಟೆಕ್ಟ್ ಮೇಡಂ ಮೈಸೂರಿನಿಂದ ಬಂದರು. ಬಂದವರು ಮೊದಲ ದಿನ ನಕ್ಷೆ ಬರೆಯಲೇ ಇಲ್ಲ. ಮನೆಯ ಸುತ್ತ ಮೂರು ಸುತ್ತು ಹಾಕಿದರು. ಅಮ್ಮನ ಹತ್ತಿರ ಕೂತು, ಮಳೆ ಬಂದಾಗ ನೀರು ಮೊದಲು ಎಲ್ಲಿ ಕಾಣಿಸುತ್ತದೆ, ಯಾವ ಗೋಡೆ ತಣ್ಣಗಿರುತ್ತದೆ ಅಂತೆಲ್ಲ ಕೇಳಿದರು. ಆಮೇಲೆ ಮೂಡಣ ಗೋಡೆಯ ಬುಡದಲ್ಲಿ ಉಳಿ ಇಟ್ಟು, ಅಂಗೈ ಅಗಲದಷ್ಟು ಪ್ಲಾಸ್ಟರ್ ಎಬ್ಬಿಸಿದರು. 1996ರಲ್ಲಿ ಅಪ್ಪ ಹಾಕಿಸಿದ ಸಿಮೆಂಟ್ ಪ್ಲಾಸ್ಟರ್ ಅದು. ಮೇಲೆ ಕಲ್ಲಿನ ಹಾಗೆ ಗಟ್ಟಿ, ಒಣಗಿತ್ತು. ಹಿಂದಿನ ಮಣ್ಣಿಗೆ ಬೆರಳು ಹಾಕಿದೆ, ಕಲಸಿಟ್ಟ ರೊಟ್ಟಿ ಹಿಟ್ಟಿನ ಹಾಗೆ ಒದ್ದೆ. ಎರಡು ತಿಂಗಳಿಂದ ಒಂದು ಹನಿ ಮಳೆ ಬಂದಿರಲಿಲ್ಲ.

ನೆಲದಿಂದ ಮೇಲೇರುವ ತೇವ ಮಣ್ಣಿನ ಗೋಡೆಯಿಂದ ಗಾಳಿಗೆ ಹೋಗಿಬಿಡಬೇಕು. ಸಿಮೆಂಟ್ ಅದಕ್ಕೆ ಬಾಗಿಲು ಹಾಕಿತ್ತು. ತೇವ ಒಳಗೇ ನಿಂತು, ಮೇಲೆ ಮೇಲೆ ಹತ್ತಿ, ತೊಲೆಯ ತುದಿ ಮುಟ್ಟಿತ್ತು. ಅದರ ಹಿಂದೆ ಗೆದ್ದಲು. ಗೋಡೆ ಗಟ್ಟಿಯಾಗಲಿ ಅಂತ ಅಪ್ಪ ಸಾಲ ಮಾಡಿ ಮಾಡಿಸಿದ ಕೆಲಸವೇ ಮನೆಯನ್ನು ತಿನ್ನುತ್ತಿತ್ತು. ಅಮ್ಮ ಏನೂ ಹೇಳಲಿಲ್ಲ. ಒಳಗೆ ಹೋಗಿ ಕಾಫಿ ತಂದರು.

ಮೇಡಂ ಹೇಳಿದ ನಿಯಮಗಳು ಆಗ ಭಾಷಣದ ಹಾಗೆ ಕೇಳಿಸಿದವು, ಕೆಲಸ ಶುರುವಾದ ಮೇಲೆ ಒಂದೊಂದೇ ಅರ್ಥವಾದವು. ಎಷ್ಟು ಬೇಕೋ ಅಷ್ಟೇ ಮುಟ್ಟಬೇಕು. ಆಸ್ಟ್ರೇಲಿಯಾದ ಬುರ್ರಾ ಅನ್ನುವ ಊರಿನಲ್ಲಿ 1979ರಲ್ಲಿ ಒಪ್ಪಿಕೊಂಡ, ಹಳೇ ಜಾಗಗಳನ್ನು ಹೇಗೆ ಉಳಿಸಬೇಕು ಅನ್ನುವ ಸನ್ನದಿನ ತಿರುಳು ಇದೇ ಅಂತೆ. ಮಣ್ಣಿಗೆ ಮಣ್ಣು, ಸುಣ್ಣಕ್ಕೆ ಸುಣ್ಣ. ಇವತ್ತು ಹಾಕಿದ್ದನ್ನು ನಾಳೆ ಯಾರಾದರೂ ಹಳೆಯದಕ್ಕೆ ಪೆಟ್ಟಾಗದ ಹಾಗೆ ತೆಗೆಯುವಂತಿರಬೇಕು. ಮೊದಲು ಹೇಗಿತ್ತು ಅಂತ ಗೊತ್ತಿಲ್ಲದ ಕಡೆ ಊಹೆ ಮಾಡಿ ಕಟ್ಟಬಾರದು. 1964ರ ವೆನಿಸ್ ಸನ್ನದು ಇದನ್ನು ಖಡಾಖಂಡಿತವಾಗಿ ಹೇಳುತ್ತದೆ: ಊಹೆ ಶುರುವಾಗುವ ಕಡೆ ಕೆಲಸ ನಿಲ್ಲಬೇಕು. ಮುಟ್ಟುವ ಮೊದಲು, ಮುಟ್ಟುವಾಗ, ಮುಟ್ಟಿದ ಮೇಲೆ ಎಲ್ಲವನ್ನೂ ಬರೆದಿಡಬೇಕು, ಫೋಟೋ ತೆಗೆದಿಡಬೇಕು. ನಮ್ಮ ಮನೆಯ ಒಂದೊಂದು ಕಂಬಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಬಿತ್ತು. ಅಮ್ಮ ಇವತ್ತಿಗೂ ದೇವರ ಮನೆ ಪಕ್ಕದ ಕಂಬವನ್ನು "ಏಳನೇ ನಂಬರ್" ಅಂತಲೇ ಕರೆಯುತ್ತಾರೆ.

2024ರ ಫೆಬ್ರವರಿಯಲ್ಲಿ ಆನ್‌ಲೈನ್ ಅರ್ಜಿ ಹಾಕಿದೆವು. ಜಾಗದ ಅಕ್ಷಾಂಶ ರೇಖಾಂಶ, ಈಗಿರುವ ಮನೆಯ ನಕ್ಷೆ, ಎತ್ತರ, ಎಲ್ಲಾ ಕಡೆಯ ಫೋಟೋ, ಮಾಲೀಕತ್ವದ ಕಾಗದ. ಮಾರ್ಚ್‌ನಲ್ಲಿ ವಾಪಸ್ ಬಂತು. ತಪ್ಪು ನನ್ನದೇ. ಕೆಲಸದ ವಿವರ ತುಂಬುವಾಗ, ಗಂಭೀರವಾಗಿ ಕಾಣಲಿ ಅಂತ "ಮೂಡಣ ಪಡಸಾಲೆಯ ಪುನರ್ನಿರ್ಮಾಣ" ಅಂತ ಬರೆದಿದ್ದೆ. ಕಾಯ್ದೆಯ ಪ್ರಕಾರ ಪುನರ್ನಿರ್ಮಾಣ ಬೇರೆ, ರಿಪೇರಿ ಬೇರೆ. ನೂರು ಮೀಟರ್ ಒಳಗೆ ಮೊದಲನೆಯದಕ್ಕೆ ದಾರಿಯೇ ಇಲ್ಲ. ನಾನೇ ಕೈಯಾರೆ ಇಲ್ಲದ ದಾರಿ ಕೇಳಿದ್ದೆ. ಮೇಡಂ ನಗುತ್ತಾ, "ರಿಪೇರಿ ಅಂತ ಬರೀರಿ. ಮಾಡೋದೂ ಅದನ್ನೇ ಅಲ್ವಾ?" ಅಂದರು. ಏಪ್ರಿಲ್‌ನಲ್ಲಿ ಮತ್ತೆ ಹಾಕಿದೆವು. ಈ ಸಲ ಒಂದೊಂದು ಸಾಲು: ಮೂಡಣ ಮೂಲೆಯ ತೊಲೆಯ ತುದಿ ಸರಿಪಡಿಸುವುದು, ಸಿಮೆಂಟ್ ಪ್ಲಾಸ್ಟರ್ ತೆಗೆದು ಸುಣ್ಣದ ಗಾರೆ ಬಳಿಯುವುದು, ಹೆಂಚು ಇಳಿಸಿ ಅವನ್ನೇ ಮತ್ತೆ ಹೊದಿಸುವುದು, ಎತ್ತರ ಮತ್ತು ಅಡಿಪಾಯ ಈಗಿರುವಷ್ಟೇ.

ಕಾನೂನಿನಲ್ಲಿ ದಿನಗಳ ಲೆಕ್ಕ ಇದೆ. ಅರ್ಜಿ ತೆಗೆದುಕೊಳ್ಳುವ ಅಧಿಕಾರಿ, ಅಂದರೆ ಸಕ್ಷಮ ಪ್ರಾಧಿಕಾರ, 15 ದಿನದಲ್ಲಿ ಅದನ್ನು ಮುಂದಕ್ಕೆ ಕಳಿಸಬೇಕು, ಸ್ಮಾರಕ ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ಹೇಳಬೇಕು, ಆಮೇಲೆ ಒಂದು ತಿಂಗಳಲ್ಲಿ ಅನುಮತಿ ಅಥವಾ ನಿರಾಕರಣೆ. ಒಟ್ಟು ಮೂರೂವರೆ ತಿಂಗಳು. ನಮಗೆ ಐದು ಹಿಡಿಯಿತು. ಮೇ ತಿಂಗಳಲ್ಲಿ ಸ್ಥಳ ಪರಿಶೀಲನೆಗೆ ಬಂದವರಿಗೆ ಅಮ್ಮ ಮಜ್ಜಿಗೆ ಕೊಟ್ಟು, "ಬೇಗ ಮಾಡ್ಕೊಡಿ ಸಾರ್, ಮಳೆ ಬರುತ್ತೆ" ಅಂದರು. ಮಳೆ ಮೊದಲು ಬಂತು. ಜುಲೈನಲ್ಲಿ ಮೂಡಣ ಗೋಡೆಯ ಮೇಲ್ಭಾಗ ಎರಡು ಅಡಿ ಕುಸಿಯಿತು. ಆ ವಾರ ನಾನು ಸೋತು ಹೋಗಿದ್ದೆ. ರಾತ್ರಿ ಗಾಳಿ ಬಂದರೆ ಮೈಸೂರಿನಲ್ಲಿ ಎದ್ದು ಕೂರುತ್ತಿದ್ದೆ. ಅಮ್ಮ ಜಗುಲಿ ಪಕ್ಕದ ಕೋಣೆಗೆ ಹಾಸಿಗೆ ಸಾಗಿಸಿದರು, ಮೈಸೂರಿಗೆ ಬರಲು ಮಾತ್ರ ಒಪ್ಪಲಿಲ್ಲ. ಮನೆ ಕುಸಿಯುತ್ತಿದ್ದರೆ ದಿನಾಂಕ ಹಾಕಿ ಫೋಟೋ ತೆಗೆದು ಕಳಿಸಿ, ಟಪಾಲಿನ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ನಾನು ಹಾಗೆ ಮಾಡಿದ್ದಕ್ಕೆ, ಬಿದ್ದ ಎರಡಡಿಯನ್ನು ಮತ್ತೆ ಎತ್ತಿದಾಗ ಯಾರೂ ಹೊಸ ಗೋಡೆ ಅನ್ನಲಿಲ್ಲ.

ಸೆಪ್ಟೆಂಬರ್‌ನಲ್ಲಿ ಅನುಮತಿ ಪತ್ರ ಬಂತು. ಈಗ ದುಡ್ಡು. ಬ್ಯಾಂಕಿಗೆ ಹೋದೆ. "ಆರ್‌ಸಿಸಿ ಆದ್ರೆ ನೋಡಬಹುದು ಮೇಡಂ, ಮಣ್ಣಿನ ಗೋಡೆಗೆ ಸಾಲ ಆಗಲ್ಲ" ಅಂದರು. ಆರ್‌ಸಿಸಿಗೆ ಕಾನೂನು ಬಿಡಲ್ಲ, ಮಣ್ಣಿಗೆ ಬ್ಯಾಂಕು ಕೊಡಲ್ಲ. ನನ್ನ ಪಿಎಫ್ ಮುರಿದೆ. ಮಾತು ಬಿಟ್ಟಿದ್ದ ಅಣ್ಣ, ನಾನು ಕೇಳುವ ಮೊದಲೇ ಅರ್ಧ ಹಾಕಿದ.

ಕೆಲಸದವರನ್ನು ಹುಡುಕುವುದು ಅನುಮತಿಗಿಂತ ಕಷ್ಟವಾಯಿತು. ನಮ್ಮ ಕಡೆ ಈಗಲೂ ಮನೆ ಕಟ್ಟುವವರನ್ನು ಗಾರೆ ಕೆಲಸದವರು ಅಂತಲೇ ಕರೆಯುತ್ತೇವೆ. ಆರು ಜನ ಗಾರೆ ಕೆಲಸದವರನ್ನು ಕೇಳಿದೆ, ಒಬ್ಬರಿಗೂ ಗಾರೆ ಗೊತ್ತಿರಲಿಲ್ಲ. "ಎರಡು ಮೂಟೆ ಸಿಮೆಂಟ್ ಸೇರಿಸೋಣ ಬಿಡಿ, ಯಾರಿಗ್ ಗೊತ್ತಾಗುತ್ತೆ" ಅಂದವರೇ ಎಲ್ಲ. ಏಳನೆಯವರು ಎಪ್ಪತ್ತು ದಾಟಿದ ಒಬ್ಬ ಅಜ್ಜ, ಪಕ್ಕದ ಹೋಬಳಿಯವರು. ಕೆಲಸ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಮೊಮ್ಮಗನ ಬೈಕಿನಲ್ಲಿ ಬಂದು, ನಾವು ತರಿಸಿದ್ದ ಸುಣ್ಣವನ್ನು ನಾಲಿಗೆಗೆ ಮುಟ್ಟಿಸಿ, "ಇದು ಸತ್ತ ಸುಣ್ಣ ಕಣವ್ವ" ಅಂದುಬಿಟ್ಟರು. ಮೂಟೆಯಲ್ಲಿ ಗಾಳಿ ತಾಗಿ ಹಾಳಾಗಿತ್ತು. ಹದಿನಾಲ್ಕು ಸಾವಿರ ನೀರಿಗೆ.

ಮತ್ತೆ ಸುಟ್ಟ ಸುಣ್ಣದ ಕಲ್ಲು ತರಿಸಿ, ಹಿತ್ತಲಲ್ಲಿ ಗುಂಡಿ ಮಾಡಿ ನೀರಿಗೆ ಹಾಕಿದರು. ಕೊತ ಕೊತ ಕುದಿದು ಹೊಗೆ ಎದ್ದಿತು. ಹತ್ತಿರ ಹೋಗಬೇಡಿ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ. ತಿಂಗಳು ನೆನೆದ ಮೇಲೆ ಬೆಣ್ಣೆಯಂಥ ಸುಣ್ಣ. ಅದಕ್ಕೆ ಮರಳು, ಇಟ್ಟಿಗೆ ಪುಡಿಯ ಸುರ್ಕಿ, ಅಳಲೆಕಾಯಿ ನೆನೆಸಿದ ನೀರು, ಬೆಲ್ಲ. ಗಟ್ಟಿ ಆಗುತ್ತೋ ಇಲ್ಲವೋ ಅಂತ ಅಣ್ಣ ಕೇಳಿದ. "ಕನ್ನಂಬಾಡಿ ಕಟ್ಟೆ ನಿಂತಿರೋದು ಯಾತರ ಮೇಲೆ ಅಂದ್ಕೊಂಡಿದ್ದೀರ?" ಅಂದರು ಅಜ್ಜ. ನಿಜ, ಕೆಆರ್‌ಎಸ್ ಕಟ್ಟಿದ್ದು ಸುರ್ಕಿ ಗಾರೆಯಲ್ಲೇ.

ತೊಲೆಯನ್ನು ಪೂರ್ತಿ ಬದಲಿಸಲಿಲ್ಲ. ಕೊಳೆತ ಮೂರು ಅಡಿ ಕತ್ತರಿಸಿ, ಹಳೇ ಹೊನ್ನೆ ಮರದ ತುಂಡನ್ನು ಓರೆಯಾಗಿ ಕಚ್ಚಿಸಿ ಬೆಣೆ ಹೊಡೆದರು. ಇಲ್ಲಿ ಮೇಡಂಗೂ ಮರಗೆಲಸದ ಆಚಾರ್ರಿಗೂ ಜಟಾಪಟಿ. ಹೊಸ ತುಂಡು ಹೊಸದು ಅಂತ ಹತ್ತಿರದಿಂದ ನೋಡಿದರೆ ತಿಳಿಯಬೇಕು ಅನ್ನುವುದು ಮೇಡಂ, ಅಂದರೆ ವೆನಿಸ್ ಪಕ್ಷ. ಬೆಸುಗೆ ಕಂಡರೆ ನನ್ನ ಕೈಗೆ ಅವಮಾನ ಅನ್ನುವುದು ಆಚಾರ್ರು. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ 2004ರಲ್ಲಿ ತಂದ ಸನ್ನದು ನಮ್ಮಂಥ, ಸರ್ಕಾರದ ರಕ್ಷಣೆ ಇಲ್ಲದ ಹಳೇ ಕಟ್ಟಡಗಳಿಗೇ ಮಾಡಿದ್ದು. ಅದು ಜೀರ್ಣೋದ್ಧಾರದ ನಮ್ಮ ಪದ್ಧತಿಗೆ, ಕಸುಬುದಾರರ ತಿಳಿವಳಿಕೆಗೆ ಬೆಲೆ ಕೊಡುತ್ತದೆ ಅಂತ ಆಮೇಲೆ ಮೇಡಂ ತಾವೇ ಒಪ್ಪಿದರು. ಕೊನೆಗೆ ರಾಜಿ. ಬೆಸುಗೆ ಕಾಣದ ಹಾಗೆ ಕೂತಿತು, ಮೇಲ್ಮುಖದಲ್ಲಿ ಅಟ್ಟ ಹತ್ತಿದವರಿಗೆ ಮಾತ್ರ ಕಾಣುವಂತೆ ಉಳಿಯಲ್ಲಿ "2025" ಅಂತ ಕೆತ್ತಿದರು. ನನ್ನನ್ನು ಕೇಳಿದರೆ ನಾನು ಆಚಾರ್ರ ಕಡೆ.

ಹೆಂಚುಗಳನ್ನು ಇಳಿಸಿ ತೊಳೆಯುವಾಗ ಕೆಲವಕ್ಕೆ ಹಿಂದೆ ಬಾಸೆಲ್ ಮಿಷನ್ ಮುದ್ರೆ ಇತ್ತು. ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದವರು ಅವರು. 3,400 ಹೆಂಚಿನಲ್ಲಿ 2,700 ಮತ್ತೆ ಮೇಲೇರಿದವು. ಉಳಿದವನ್ನು ಬೇರೆ ಊರುಗಳಲ್ಲಿ ಕೆಡವಿದ ಮನೆಗಳಿಂದ ಕೊಂಡೆವು. ಹಳೇ ಮರ ಕೊಂಡರೆ ಬಿಲ್ಲು ಇಟ್ಟುಕೊಳ್ಳಿ, ದಾರಿಯಲ್ಲಿ ಕೇಳುತ್ತಾರೆ.

ಖರ್ಚಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಆರ್ಕಿಟೆಕ್ಟ್ ಫೀಸು 90 ಸಾವಿರ. ಕಾಗದ, ಅಫಿಡವಿಟ್, ಓಡಾಟ 22 ಸಾವಿರ. ಸುಣ್ಣ, ಸುರ್ಕಿ, ಮರಳು, ಮಣ್ಣು ಸೇರಿ 1.35 ಲಕ್ಷ, ಸತ್ತ ಸುಣ್ಣವೂ ಇದರಲ್ಲೇ. ಮರ 2.10 ಲಕ್ಷ, ಹೆಂಚು 48 ಸಾವಿರ, ಕೂಲಿ 5.40 ಲಕ್ಷ, ವೈರಿಂಗ್ ಮತ್ತು ನಲ್ಲಿ 95 ಸಾವಿರ. ಒಟ್ಟು 11.40 ಲಕ್ಷ. ಅರ್ಧದಷ್ಟು ಕೂಲಿಗೇ ಹೋಗಿದೆ. ಸುಣ್ಣದ ಕೆಲಸಕ್ಕೆ ಸಾಮಾನಿಗಿಂತ ದಿನಗಳು ಜಾಸ್ತಿ ಬೇಕು. ಒಂದು ಪದರ ಒಣಗದೆ ಇನ್ನೊಂದು ಹಾಕಿದರೆ ಬಿರುಕು. ಒಣಗುವಾಗಲೂ ದಿನಕ್ಕೆ ಎರಡು ಸಲ ನೀರು ಚಿಮುಕಿಸಿ, ಗೋಣಿತಾಟು ಹೊದಿಸಬೇಕು. ನವೆಂಬರ್‌ನಲ್ಲಿ ಶುರು ಮಾಡಿದ್ದು ಮೇ ಕೊನೆಗೆ ಮುಗಿಯಿತು. ಆರು ತಿಂಗಳು ಪೇಂಟ್ ಹೊಡೆಯಬೇಡಿ ಅಂದಿದ್ದಾರೆ ಅಜ್ಜ, ಆಮೇಲೂ ಸುಣ್ಣವೇ. ಗೋಡೆ ಒಂದೇ ಸಮ ಬಿಳಿ ಇಲ್ಲ, ಅಲ್ಲಲ್ಲಿ ಮೋಡದ ಹಾಗಿದೆ. ಬಂದ ನೆಂಟರೆಲ್ಲ, "ಇನ್ನೂ ಕೆಲ್ಸ ಬಾಕಿ ಇದ್ಯಾ?" ಅಂತ ಕೇಳಿ ಹೋಗುತ್ತಾರೆ.

ಹೋದ ವಾರ ಎದುರು ಮನೆಯ ಅಕ್ಕ ಒಂದು ಪ್ಲಾಸ್ಟಿಕ್ ಕವರ್ ತುಂಬ ಕಾಗದ ಹಿಡಿದು ಬಂದರು. ಮೇಲಿನ ರೂಮಿನ ಆಸೆ ಬಿಟ್ಟಿದ್ದಾರೆ. ಕೆಳಗಿನ ಹಳೇ ಮನೆಯ ಹೆಂಚಾದರೂ ಸರಿ ಮಾಡಿಸಬಹುದಾ ಅಂತ ಕೇಳಿದರು. ಜಗುಲಿ ಮೇಲೆ ಎಲ್ಲ ಹರಡಿಕೊಂಡು ಕೂತೆವು. ಸಂಜೆ ಹೊತ್ತಿಗೆ 1989ರ ಒಂದು ಕಂದಾಯದ ರಸೀದಿ ಸಿಕ್ಕಿತು. ಅಕ್ಕನ ಮುಖ ಅರಳಿತು. ಹೆಸರು ಓದಿದೆ. ಅವರ ಅತ್ತೆಯದು, ಅವರು ತೀರಿಕೊಂಡು ಇಪ್ಪತ್ತು ವರ್ಷ ಆಗಿದೆ.

"ಮರಣ ಪತ್ರ ಇದೆಯಾ ಅಕ್ಕ?"

"ಅಯ್ಯೋ, ಅದನ್ನ ಯಾರು ಮಾಡಿಸಿದ್ದಾರೆ ಬಿಡು" ಅಂದರು.